ನಡು ಸಂದು

ಸ್ಪ್ಯಾನರ್ ಬೀಳಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರಾಯಿತು ಎಂದು ಮೂರು ವರ್ಷ ಮುಂದೂಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಈಗ ಹೇಳುವುದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ, ಅದೂ ಗೊತ್ತು.

ನಾನು ಸೇತುವೆ ಮೇಸ್ತ್ರಿ. ನಮ್ಮ ಊರಿಗೂ ಆಚೆ ಊರಿಗೂ ನಡುವೆ ಸಾವಿರದ ಇನ್ನೂರು ಮೀಟರ್ ಉದ್ದದ ಸೇತುವೆ ಇದೆ. ಒಟ್ಟು ಹದಿನೇಳು ಕಂಬ. ನಟ್ಟನಡುವಿನ ಒಂಬತ್ತನೇ ಕಂಬದವರೆಗೆ ನಮ್ಮ ಕಚೇರಿಯದು, ಅಲ್ಲಿಂದಾಚೆ ಅವರ ಕಚೇರಿಯದು. ಸೇತುವೆ ತೆರೆದ ದಿನ ಎರಡೂ ಊರಿನ ದೊಡ್ಡವರು ಕೈ ಕುಲುಕಿ ಫೋಟೋ ತೆಗೆಸಿಕೊಂಡರಂತೆ. ಮರುದಿನದಿಂದಲೇ ಜಗಳ. ಕಟಕಟೆಗೆ ಬಳಿಯುವ ಬಣ್ಣದಲ್ಲಿ ಕೂಡ ಒಮ್ಮತ ಬರಲಿಲ್ಲ. ನಮ್ಮ ಅರ್ಧ ನೀಲಿ, ಅವರ ಅರ್ಧ ಬೂದು. ಬಸ್ಸಿನಲ್ಲಿ ಕೂತವರಿಗೆ ಬಣ್ಣ ಬದಲಾದಾಗಲೇ ಗೊತ್ತಾಗುತ್ತದೆ, ಇನ್ನು ಬೈಯಬೇಕಾದ ಕಚೇರಿ ಬೇರೆ ಎಂದು.

ಆ ಬಣ್ಣ ಬದಲಾಗುವ ಜಾಗವೇ ನಡು ಸಂದು. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆಂದು ನಡುವೆ ಒಂದು ಸೀಳು ಬಿಟ್ಟು, ಅದರ ಮೇಲೆ ಎರಡೂ ಕಡೆಯಿಂದ ಉಕ್ಕಿನ ಹಲ್ಲುತಟ್ಟೆ ಹೊದಿಸಿದ್ದಾರೆ. ನಮ್ಮ ಹಲ್ಲುಗಳ ಸಂದಿಯಲ್ಲಿ ಅವರ ಹಲ್ಲು, ಎರಡು ಕೈಯ ಬೆರಳು ಹೆಣೆದ ಹಾಗೆ. ಒಂದು ಕಡೆಗೆ ಇಪ್ಪತ್ತನಾಲ್ಕರಂತೆ ನಲವತ್ತೆಂಟು ಬೋಲ್ಟು. ಬೋಲ್ಟಿನ ತಲೆ ರಸ್ತೆಯ ಮೇಲೆ, ನಟ್ಟು ರಸ್ತೆಯ ಅಡಿಯಲ್ಲಿ. ಕೆಳಗೆ ಜಾಲರಿಯ ಅಟ್ಟದ ಮೇಲೆ ನಿಂತು ಒಬ್ಬ ನಟ್ಟು ಹಿಡಿದುಕೊಳ್ಳದಿದ್ದರೆ, ಮೇಲಿನವನು ಎಷ್ಟು ತಿರುಗಿಸಿದರೂ ಬೋಲ್ಟು ಬುಗುರಿಯ ಹಾಗೆ ನಿಂತಲ್ಲೇ ತಿರುಗುತ್ತದೆ.

ಒಬ್ಬರನ್ನೊಬ್ಬರು ನಂಬದ ಎರಡು ಕಚೇರಿಗಳು ಸೇರಿ ಒಂದು ನಿಯಮ ಮಾಡಿದವು. ತಿಂಗಳ ಮೊದಲ ಸೋಮವಾರ ಎರಡೂ ಕಡೆಯ ಮೇಸ್ತ್ರಿಗಳು ನಡು ಸಂದಿನಲ್ಲಿ ಸೇರಬೇಕು. ನಮ್ಮ ಬೋಲ್ಟು ಬಿಗಿಯುವಾಗ ಅವರ ಮೇಸ್ತ್ರಿ ಕೆಳಗೆ, ಅವರದು ಬಿಗಿಯುವಾಗ ನಾನು ಕೆಳಗೆ. ಮೇಲಿನವನು ಸುತ್ತಿಗೆಯಲ್ಲಿ ಮೂರು ಸಲ ಬಡಿದರೆ ಹಿಡಿದುಕೋ ಎಂದರ್ಥ, ಕೆಳಗಿನವನು ಎರಡು ಸಲ ಬಡಿದರೆ ಹಿಡಿದೆ ಎಂದರ್ಥ. ಮುಗಿದ ಮೇಲೆ ನನ್ನ ತಪಾಸಣೆ ಪುಸ್ತಕಕ್ಕೆ ಅವರ ಸಹಿ, ಅವರ ಪುಸ್ತಕಕ್ಕೆ ನನ್ನ ಸಹಿ. "ಇಬ್ಬರೂ ಜಂಟಿಯಾಗಿ ನೋಡಿದ್ದೇವೆ, ನಲವತ್ತೆಂಟೂ ಬಿಗಿಯಾಗಿವೆ."

ಆಚೆ ಕಡೆಯ ಮೇಸ್ತ್ರಿಯನ್ನು ನಾನು ಮೊದಲು ಗುರುತಿಸಿದ್ದು ಮುಖದಿಂದಲ್ಲ, ಆ ಎರಡು ಏಟಿನಿಂದ. ತಲೆಯ ಮೇಲೆ ಲಾರಿ ಗುಡುಗಿಕೊಂಡು ಹೋದರೂ ಅವರ ಏಟು ಒಂದೇ ಸಮ. ಹೀಗೆ ಹಿಡಿದದ್ದನ್ನು ಬಿಡದವನ ಕೈಗೆ ನನ್ನ ತಂಗಿಯನ್ನು ಕೊಟ್ಟರೆ ಚೆನ್ನ ಅನ್ನಿಸಿತು. ಆರು ತಿಂಗಳಲ್ಲಿ ಮದುವೆಯೂ ಆಯಿತು. ಅಂದಿನಿಂದ ಅವರು ನನಗೆ ಭಾವ, ನಾನು ಅವರಿಗೆ ಭಾವ. ಸೋಮವಾರದ ಕೆಲಸ ಮುಗಿಸಿ ಕಟಕಟೆಗೆ ಒರಗಿ ಇಬ್ಬರೂ ಒಂದೇ ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದೆವು. ನಮ್ಮ ತಂಡದಲ್ಲಿ ಬಾಯಿ ಮುಚ್ಚದ ಒಬ್ಬ ಪೇಂಟರ್ ಇದ್ದಾನೆ, ರೇಡಿಯೋ ಎಂದೇ ಅವನ ಹೆಸರು. "ಎರಡು ಊರಿನಲ್ಲಿ ಒಂದಾಗಿರೋದು ಈ ಭಾವಂದಿರು ಮಾತ್ರ" ಎಂದು ಅವನು ಹೋದಲ್ಲೆಲ್ಲ ಸಾರುತ್ತಿದ್ದ.

ಸ್ಪ್ಯಾನರಿನ ಬಾಲಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಕು. ಅದು ನಿಯಮ. ಹೊಸಬರಿಗೆಲ್ಲ ಬೈದು ಬೈದು ಕಲಿಸುವವನು ನಾನೇ. ಅವತ್ತು ಸೆಕೆ, ಹಗ್ಗ ಕೈಗೆ ಉಜ್ಜುತ್ತಿತ್ತು, ಬಿಚ್ಚಿಟ್ಟಿದ್ದೆ. ಕಟಕಟೆಯ ಪಕ್ಕದ ಕೊನೆಯ ಬೋಲ್ಟು ತಿರುಗಿಸುವಾಗ ಬೆವರಿಗೆ ಕೈ ಜಾರಿತು. ಮೊಳಕೈ ಉದ್ದದ ಉಕ್ಕು ಅಂಚಿನ ಸಂದಿಯಿಂದ ಕೆಳಗೆ ಹೋಯಿತು. ಅಟ್ಟದ ಕಂಬಿಗೆ ತಗುಲಿದ ಸದ್ದು ಕೇಳಿತು, ಆಮೇಲೆ ನೀರಿನ ಸದ್ದು. ಅವೆರಡರ ನಡುವೆ ನನ್ನ ಉಸಿರು ನಿಂತಿತ್ತು, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ.

ಭಾವ ಏಣಿ ಹತ್ತಿ ಮೇಲೆ ಬಂದರು. ಮುಖ ಬಿಳಿಚಿಕೊಂಡಿತ್ತು. "ನನ್ನ ಕಿವಿ ಪಕ್ಕದಲ್ಲೇ ಹೋಯ್ತು ಭಾವ" ಎಂದರು. ಬೈಯಲಿಲ್ಲ. ಬೈದಿದ್ದರೆ ಬಹುಶಃ ನಾನು ಬದುಕಿಕೊಳ್ಳುತ್ತಿದ್ದೆ.

ಆ ತಿಂಗಳು ಹೆಡ್ ಮೇಸ್ತ್ರಿ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದಿತ್ತು. ಹಗ್ಗ ಕಟ್ಟದೆ ಸ್ಪ್ಯಾನರ್ ಬೀಳಿಸಿದವನ ಹೆಸರು ಆ ಪಟ್ಟಿಯಲ್ಲಿ ಉಳಿಯುವುದಿಲ್ಲ. ಸಂಜೆ ಕಚೇರಿಯಲ್ಲಿ ಕೂತು ಪುಸ್ತಕದಲ್ಲಿ ಬರೆದೆ: "ಕೆಳಗಿದ್ದವರ ಕೈಯಿಂದ ಜಾರಿ ಸ್ಪ್ಯಾನರ್ ಹೊಳೆಗೆ ಬಿದ್ದಿದೆ." ಬರೆಯುವಾಗ ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ. ನಮ್ಮವರೇ ತಾನೇ, ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

ಅವರಿಗೆ ಮೆಮೋ ಹೋಯಿತು. ನಾನು ಹೆಡ್ ಮೇಸ್ತ್ರಿಯಾದೆ.

ಮುಂದಿನ ಮೊದಲ ಸೋಮವಾರ ನಡು ಸಂದಿನಲ್ಲಿ ಒಂದು ಗಂಟೆ ಕಾದೆ. ಭಾವ ಬರಲಿಲ್ಲ. ಕಚೇರಿಗೆ ಹಿಂದಿರುಗಿದರೆ ತಂಗಿ ಕೂತಿದ್ದಳು, ಮಡಿಲಲ್ಲಿ ಅವರ ತಪಾಸಣೆ ಪುಸ್ತಕ.

"ಅವರಿಗೆ ಮೈ ಹುಷಾರಿಲ್ಲ ಅಣ್ಣ. ನಿನ್ನ ಸಹಿ ಹಾಕಿಸ್ಕೊಂಡು ಬಾ ಅಂದ್ರು. ನಿನ್ನ ಪುಸ್ತಕಾನೂ ಕೊಡು, ಅವರ ಸಹಿ ಹಾಕಿಸಿ ತಂದ್ಕೊಡ್ತೀನಿ."

ಅವರ ಮೈಗೆ ಏನೂ ಆಗಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆವತ್ತೇ ಎದ್ದು ಹೋಗಿ ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದರೆ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಹೊಸ ಹೆಡ್ ಮೇಸ್ತ್ರಿಗೆ ಕತ್ತು ಬಗ್ಗುವುದಾದರೂ ಹೇಗೆ? ಸಹಿ ಹಾಕಿದೆ.

ಹಾಗೆ ಮೂವತ್ತನಾಲ್ಕು ತಿಂಗಳು ನಡೆಯಿತು. ನನ್ನ ಬದಲು ಬೇರೊಬ್ಬನನ್ನು ಕಳಿಸಿದರೆ ನಮ್ಮಿಬ್ಬರ ನಡುವೆ ಮಾತಿಲ್ಲವೆಂದು ಊರಿಗೇ ತಿಳಿಯುತ್ತದೆ. ಆದ್ದರಿಂದ ನಾನೊಬ್ಬನೇ ಹೋಗಿ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಕುಟ್ಟಿ, ಪರವಾಗಿಲ್ಲ ಅಂದುಕೊಂಡು ಬರುತ್ತಿದ್ದೆ. ಕೊನೆಕೊನೆಗೆ ಅದೂ ಇಲ್ಲ. ಭಾವನೂ ಅಷ್ಟೇ ಮಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ನೋಡದೆ ಸಹಿ ಹಾಕುವುದರಲ್ಲಿ ಮಾತ್ರ ನಾವಿಬ್ಬರೂ ಜಂಟಿಯಾಗಿಯೇ ಇದ್ದೆವು.

ಪುಸ್ತಕ ಹೊತ್ತು ಓಡಾಡಿದವಳು ತಂಗಿ. ಅವಳು ಆಚೆ ಊರಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ಮನೆಯ ಮುಂದೆಯೇ ಹಳದಿ ಬೋರ್ಡು. ಮೂವತ್ತು ದಾಟಿದವರು, ಐವತ್ತು ದಾಟಿದವರು, ಸೈಕಲ್ ಕೂಡ ಮುಟ್ಟದವರು ಅವಳ ಹತ್ತಿರ ಬಂದು ಒಂದು ತಿಂಗಳಿಗೆ ಮಾರುಕಟ್ಟೆಯ ಗದ್ದಲದಲ್ಲಿ ಗಾಡಿ ಓಡಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವಳ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನವಳು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನಾನು ರೇಗಿಸುತ್ತಿದ್ದೆ, "ನಿನ್ನ ಸ್ಪೀಡಿಗೆ ಗೀರು ಬೀಳ್ಬೇಕಾದ್ರೆ ಗೋಡೆನೇ ಎದ್ದು ಬಂದು ಹಾಯ್ಬೇಕು" ಎಂದು.

ಪ್ರತಿ ತಿಂಗಳು ಪುಸ್ತಕದ ಜೊತೆ ಒಂದು ಸುಳ್ಳನ್ನೂ ತರುತ್ತಿದ್ದಳು. "ನಿಮ್ಮಣ್ಣ ಹೇಗಿದ್ದಾರೆ ಅಂತ ಕೇಳಿದ್ರು." ಭಾವ ಕೇಳಿರುತ್ತಿರಲಿಲ್ಲ. ನಾನು ಏನೂ ಹೇಳದಿದ್ದರೂ ಮನೆಗೆ ಹೋಗಿ, "ಅಣ್ಣ ನಿಮ್ಮನ್ನ ಊಟಕ್ಕೆ ಕರೆದಿದ್ದಾನೆ" ಎನ್ನುತ್ತಿದ್ದಳು. ಇಬ್ಬರು ಗಂಡಸರ ಮುಖದ ಗಂಟನ್ನು ಬಿಚ್ಚುತ್ತೇನೆಂದು ಹೊರಟವಳು ಮೂರು ವರ್ಷ ಸೇತುವೆಯ ಮೇಲೆ ಅತ್ತಿಂದಿತ್ತ ಓಡಾಡಿದಳು.

ಒಮ್ಮೆ ಕೇಳಿದಳು. "ಅಲ್ಲ, ನೀವಿಬ್ಬರೂ ನೋಡ್ದೇನೇ ನೋಡಿದ್ದೀವಿ ಅಂತ ಬರೀತೀರಲ್ಲ, ಏನೂ ಆಗಲ್ವಾ?"

"ಅದು ಉಕ್ಕು ಕಣೇ. ನಮ್ಮ ಜಗಳಕ್ಕೆಲ್ಲ ಅದು ಸಡಿಲ ಆಗಲ್ಲ."

"ಮೊದಲು ಸಂದು ದಾಟುವಾಗ ಟಕ್ ಅಂತ ಒಂದೇ ಸದ್ದು ಬರ್ತಿತ್ತು. ಈಗ ಗಡಗಡ ಅನ್ನುತ್ತೆ. ಕಲಿಯೋರಿಗೆ ಅಲ್ಲಿ ತೀರಾ ನಿಧಾನ ಮಾಡಿ ಅಂತ ಹೇಳ್ತಿದ್ದೀನಿ."

"ನೋಡ್ತೀನಿ ಬಿಡು" ಎಂದೆ. ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೂವತ್ತೈದನೇ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದಳು. ಮೇಜಿನ ಮೇಲೆ ಎರಡೂ ಪುಸ್ತಕ ಇಟ್ಟುಕೊಂಡು ನಾನು ಎಂದಿನ ಸಾಲು ಬರೆದು ಸಹಿ ಹಾಕಿದೆ. ಅವಳೇ ಚಹಾ ಬಗ್ಗಿಸಿಕೊಟ್ಟಳು. "ಈ ಸಲ ನಿಜವಾಗ್ಲೂ ಕೇಳಿದ್ರು ಅಣ್ಣ. ನಿನ್ನ ಮಂಡಿ ನೋವು ಹೇಗಿದೆ ಅಂತ. ನನ್ನಾಣೆ" ಎಂದಳು. ಮಂಡಿ ನೋವಿನ ವಿಷಯ ಅವಳಲ್ಲದೆ ಅವರಿಗೆ ಇನ್ಯಾರು ಹೇಳಿರುತ್ತಾರೆ ಎಂದು ನಕ್ಕೆ. ಪುಸ್ತಕಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಹೊರಟಳು.

ಚಹಾದ ಲೋಟ ಇನ್ನೂ ಕೈಯಲ್ಲೇ ಇತ್ತು. ರೇಡಿಯೋ ಬಾಗಿಲಿಗೆ ಬಂದು ನಿಂತ. ಅವನ ಬಾಯಿಂದ ಮಾತು ಹೊರಡದಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮೇಸ್ತ್ರಿ... ನಡು ಸಂದಿನ ತಟ್ಟೆ ಎದ್ದಿದೆ. ಸ್ಕೂಟರ್ ಬಿದ್ದಿದೆ."

ಯಾರ ಸ್ಕೂಟರ್ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಓಡಿದೆ. ಆರುನೂರು ಮೀಟರ್ ನೀಲಿ ಕಟಕಟೆ ಅವತ್ತಿನಷ್ಟು ಉದ್ದ ಎಂದೂ ಇರಲಿಲ್ಲ.

ಅವಳ ಮುಂದೆ ಹೋದ ಬಸ್ಸಿನ ಹಿಂದಿನ ಗಾಲಿ ದಾಟುತ್ತಲೇ ತಟ್ಟೆಯ ಒಂದು ತುದಿ ಮೊಳಕಾಲೆತ್ತರ ಎದ್ದು ನಿಂತಿತಂತೆ. ಅವಳು ಸಂದಿನ ಹತ್ತಿರ ಬರುತ್ತ ನಡಿಗೆಯ ವೇಗಕ್ಕೆ ಇಳಿಸಿದ್ದಳಂತೆ. ಹಿಂದೆ ಇದ್ದ ಹಾಲಿನ ವ್ಯಾನಿನವನು ನನಗೇ ಹೇಳಿದ. ಮುಂದಿನ ಚಕ್ರ ಹಲ್ಲಿನ ಸಂದಿಗೆ ಸಿಕ್ಕಿ, ಗಾಡಿ ಅವಳನ್ನು ಎತ್ತಿ ಕಟಕಟೆಗೆ ಅಪ್ಪಳಿಸಿತ್ತು. ಎದ್ದಿದ್ದು ನಮ್ಮ ಕಡೆಯ ತಟ್ಟೆ. ಬಗ್ಗಿ ನೋಡಿದೆ. ಏಳು ಬೋಲ್ಟಿಗೆ ನಟ್ಟೇ ಇರಲಿಲ್ಲ.

ಆಚೆಯಿಂದ ಭಾವ ಓಡಿ ಬಂದರು. ಮೂರು ವರ್ಷದ ನಂತರ ನಾವಿಬ್ಬರೂ ನಡು ಸಂದಿನಲ್ಲಿ ಭೇಟಿಯಾದೆವು. ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಅವರ ಕೈಯಲ್ಲಿ. ಅವಳಿಗೆ ಎಚ್ಚರವಿತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಏನೋ ಹೇಳಲು ಹೋದಳು, ನೋವಿಗೆ ಹಲ್ಲು ಕಚ್ಚಿಕೊಂಡಳು.

ಸೊಂಟದ ಮೂಳೆ, ತೊಡೆಯ ಮೂಳೆ, ಬಲ ಮಣಿಕಟ್ಟು. ಜೀವಕ್ಕೆ ಅಪಾಯವಿಲ್ಲ, ಆದರೆ ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದರು ಡಾಕ್ಟರು.

ನಾಲ್ಕನೇ ದಿನ ನಮ್ಮ ಇಂಜಿನಿಯರ್ ಸಾಹೇಬರು ಇಬ್ಬರನ್ನೂ ಕರೆಸಿದರು. ಪಕ್ಕದಲ್ಲಿ ಆಚೆ ಊರಿನ ಇಂಜಿನಿಯರ್ ಕೂತಿದ್ದರು. ಕಟಕಟೆಯ ಬಣ್ಣಕ್ಕೆ ಒಪ್ಪದ ಎರಡು ಕಚೇರಿಗಳು ಒಂದೇ ಸೋಫಾದ ಮೇಲೆ ಕೂತಿದ್ದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

"ಪುಸ್ತಕ ಎಲ್ಲಿ?" ಎಂದರು ಸಾಹೇಬರು.

"ಹೊಳೆಗೆ ಬಿದ್ದುಹೋಯ್ತು ಸಾರ್" ಎಂದೆ. ಹೊಳೆಗೆ ಏನನ್ನಾದರೂ ಬೀಳಿಸುವುದರಲ್ಲಿ ನನ್ನದು ಪಳಗಿದ ಕೈ. ಭಾವ ನನ್ನ ಕಡೆ ಒಮ್ಮೆ ನೋಡಿ, "ಹೌದು ಸಾರ್" ಎಂದರು.

ಸಾಹೇಬರು ನಿಟ್ಟುಸಿರು ಬಿಟ್ಟರು. ಅದು ಸಂಕಟದ್ದಲ್ಲ. "ಒಳ್ಳೇದಾಯ್ತು. ನೋಡಿ, ತಟ್ಟೆ ಸಡಿಲ ಇತ್ತು ಅಂತಾದ್ರೆ ನೀವಿಬ್ಬರೂ ಸುಳ್ಳು ಸಹಿ ಹಾಕಿದ್ರಿ ಅಂತಾಗುತ್ತೆ. ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ನಮ್ಮ ತಲೆಗೂ ಬರುತ್ತೆ. ಅದೇ, ಗಾಡಿ ಜೋರಾಗಿ ಬಂದು ತಟ್ಟೆಗೆ ಹೊಡೆದದ್ದಕ್ಕೇ ಅದು ಎದ್ದಿದೆ ಅಂತಾದ್ರೆ ಯಾರಿಗೂ ತೊಂದರೆ ಇಲ್ಲ. ಹೇಳಿಕೆ ಬರೆಸಿಟ್ಟಿದ್ದೀನಿ. ನಿಮ್ಮಿಬ್ಬರದ್ದು ಸಾಕ್ಷಿ ಸಹಿ. ಓಡಿಸಿದವರದ್ದು ಒಂದು ಸಹಿ ಬೇಕು."

ಐವತ್ತು ಕಿಲೋ ತೂಗುವ ಹೆಂಗಸು, ಅವಳ ಎರಡು ಪಟ್ಟು ತೂಕದ ಸ್ಕೂಟರು, ಇಪ್ಪತ್ತನಾಲ್ಕು ಬೋಲ್ಟಿನ ಉಕ್ಕನ್ನು ಎಬ್ಬಿಸಿದವಂತೆ. ಇದನ್ನು ಇಬ್ಬರು ಇಂಜಿನಿಯರುಗಳು ಮುಖ ಗಂಭೀರ ಮಾಡಿಕೊಂಡು ಹೇಳಿದರು, ಇಬ್ಬರು ಮೇಸ್ತ್ರಿಗಳು ಮುಖ ಗಂಭೀರ ಮಾಡಿಕೊಂಡು ಕೇಳಿದೆವು.

"ಅವಳು ಸ್ಕೂಟರ್ ಕಲಿಸ್ತಾಳೆ ಸಾರ್" ಎಂದರು ಭಾವ. "ಅವಳ ಅನ್ನಾನೇ ಅದು."

"ನಿಮ್ಮವರೇ ತಾನೇ?" ಎಂದರು ಸಾಹೇಬರು. "ಹೊಟ್ಟೆಗೆ ಹಾಕ್ಕೋತಾರೆ ಬಿಡಿ."

ನನ್ನದೇ ಮಾತು ಇನ್ನೊಬ್ಬರ ಬಾಯಿಂದ ಕೇಳಿ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆಗ ಎದ್ದು ನಿಂತು, ಇಲ್ಲ ಸಾರ್, ತಪ್ಪು ನನ್ನದು, ಸ್ಪ್ಯಾನರಿನಿಂದ ಹಿಡಿದು ಎಲ್ಲ ನನ್ನದು ಎನ್ನಬಹುದಿತ್ತು. ಪೆನ್ನು ಕೇಳಿದೆ. ನನ್ನ ಸಹಿಯ ಕೆಳಗೆ ಭಾವ ಸಹಿ ಹಾಕಿದರು. ಕಚೇರಿಯಿಂದ ಹೊರಬಿದ್ದ ಮೇಲೆ ಅವರು, "ಬನ್ನಿ ಭಾವ, ಒಟ್ಟಿಗೇ ಹೋಗೋಣ" ಎಂದರು. ಆ ಮಾತಿಗೆ ನಾನು ಮೂರು ವರ್ಷ ಕಾದಿದ್ದೆ.

ಆಸ್ಪತ್ರೆಯಲ್ಲಿ ಆರು ಮಂಚದ ಕೋಣೆ, ಕಿಟಕಿ ಪಕ್ಕದ್ದು ಅವಳದು. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಭಾವ ಕೂತೆವು. ಅವಳ ಮುಖ ಅರಳಿತು. "ಅಂತೂ ಒಟ್ಟಿಗೆ ಬಂದ್ರಲ್ಲ!" ಎಂದಳು. ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಕಾಗದ ಕೊಡುವ ಮುಂಚಿನ ಮುಖ.

ಕಾಗದವನ್ನು ಎಡಗೈಯಲ್ಲಿ ಹಿಡಿದು ಜೋರಾಗಿ ಓದಿದಳು. "ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ..." ಅಲ್ಲಿಗೆ ನಿಲ್ಲಿಸಿದಳು. "ಯಾರು, ನಾನಾ?"

ಪಕ್ಕದ ಮಂಚದ ಮುದುಕಿ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದಳು.

"ಅಣ್ಣ, ನೀನು ಹೇಳು. ನಾನು ಅತಿವೇಗದಲ್ಲಿದ್ನಾ?"

"ನಾನು... ನೋಡಿಲ್ಲ ಕಣೇ."

"ಸರಿ. ನೋಡ್ದೇನೇ ಸಹಿ ಹಾಕೋದು ನಿನಗೆ ಅಭ್ಯಾಸ ತಾನೇ" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಏನಂತೀರಿ?"

ಭಾವ ಕಿಟಕಿಯ ಸರಳು ನೋಡುತ್ತ ಹೇಳಿದರು, "ಇಬ್ಬರೂ ಒಳಗೆ ಹೋದ್ರೆ ಎರಡು ಮನೆ ಬೀದಿಗೆ ಬೀಳುತ್ತೆ. ಲೈಸೆನ್ಸು ಎರಡು ವರ್ಷ ಮಾತ್ರ ರದ್ದಾಗುತ್ತಂತೆ. ಹೇಗೂ ಈಗ ಕಾಲು..." ಅಷ್ಟಕ್ಕೆ ನಾಲಿಗೆ ಕಚ್ಚಿಕೊಂಡರು.

"ಹೇಗೂ ಈಗ ಕಾಲಿಲ್ಲ" ಎಂದು ಅವಳೇ ಮುಗಿಸಿದಳು.

ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ತಲೆದಿಂಬಿನ ಅಡಿಗೆ ಎಡಗೈ ಹಾಕಿ ಬಟ್ಟೆಯ ಚೀಲ ಎಳೆದಳು. ಒಂದು ಕಡೆ ಹರಿದಿತ್ತು, ರಕ್ತದ ಕಲೆ ಒಣಗಿ ಕಪ್ಪಾಗಿತ್ತು. ಒಳಗೆ ಎರಡೂ ಪುಸ್ತಕ. ಅವುಗಳಲ್ಲಿ ಮೂವತ್ತೈದು ತಿಂಗಳ ಸುಳ್ಳು ನಮ್ಮ ಕೈಬರಹದಲ್ಲಿತ್ತು. ಕೊನೆಯದಕ್ಕೆ ಅವತ್ತಿನದೇ ತಾರೀಕು.

"ನರ್ಸಮ್ಮ ತಂದ್ಕೊಟ್ರು. ಪೊಲೀಸರು ಕೇಳಿದಾಗ ಇಲ್ಲ ಅಂದೆ" ಎಂದಳು. "ಮೊದಲು ನಿಮ್ಮನ್ನ ಕೇಳೋಣ ಅಂತ ಇಟ್ಕೊಂಡೆ. ನೀವಿಬ್ಬರೂ ಬಂದು, ತಪ್ಪಾಯ್ತು ಅಂತೀರಿ, ಆಗ ನಾನೇ ಇವನ್ನ ಹೊಳೆಗೆ ಹಾಕ್ಸೋಣ ಅಂತಿದ್ದೆ."

ಆ ಪುಸ್ತಕಗಳನ್ನು ಅವಳು ಬಾಗಿಲ ಕಡೆ ಎತ್ತಿ ತೋರಿಸಿದ್ದರೆ ಸಾಕಿತ್ತು, ನಮ್ಮಿಬ್ಬರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮುಗಿದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ನಾನು ಅವಳ ಕೈಯನ್ನೇ ನೋಡುತ್ತಿದ್ದೆ, ಕಳ್ಳನ ಹಾಗೆ.

ಅವಳು ಎಡಗೈಯಲ್ಲಿ, ಮಗು ಬರೆದ ಹಾಗೆ ಸೊಟ್ಟಸೊಟ್ಟಗೆ ಹೇಳಿಕೆಗೆ ಸಹಿ ಹಾಕಿದಳು. ಆಮೇಲೆ ಪುಸ್ತಕಗಳನ್ನು ಒಂದೊಂದಾಗಿ ಕೊಟ್ಟಳು. ನನ್ನದು ನನಗೆ, ಅವರದು ಅವರಿಗೆ.

"ಮುಂದಿನ ತಿಂಗಳಿಂದ ನೀವೇ ಹೊತ್ಕೊಂಡು ಹೋಗಿ. ನಿಮ್ಮಿಬ್ಬರನ್ನ ಒಂದು ಮಾಡ್ಬೇಕು ಅಂತ ಇಷ್ಟು ದಿನ ಓಡಾಡಿದ್ದು. ಆಯ್ತಲ್ಲ."

ನಿಜಕ್ಕೂ ಒಂದಾದೆವು. ಈಗ ಪ್ರತಿ ಮೊದಲ ಸೋಮವಾರ ಭಾವ ಹೊತ್ತಿಗೆ ಮುಂಚೆಯೇ ಬಂದು ನಿಂತಿರುತ್ತಾರೆ. ನಲವತ್ತೆಂಟು ಬೋಲ್ಟನ್ನೂ ಬಿಗಿಯುತ್ತೇವೆ, ಮೂರು ಏಟಿಗೆ ಎರಡು ಏಟು ತಪ್ಪದೆ ಬರುತ್ತದೆ. ಸ್ಪ್ಯಾನರಿಗೆ ಹಗ್ಗ ಕಟ್ಟುತ್ತೇನೆ. ಚಹಾ ಕುಡಿಯುತ್ತೇವೆ. ಸೇತುವೆಗೆ ಇಷ್ಟು ಒಳ್ಳೆಯ ಕಾಲ ಎಂದೂ ಬಂದಿರಲಿಲ್ಲ. ಸ್ಪ್ಯಾನರಿನ ವಿಷಯಕ್ಕೆ ತಪ್ಪಾಯಿತು ಎಂದು ನಾನು ಇನ್ನೂ ಅವರಿಗೆ ಹೇಳಿಲ್ಲ, ಅವರೂ ಕೇಳಿಲ್ಲ. ಇಬ್ಬರೂ ಅವಳ ವಿಷಯ ಎತ್ತುವುದಿಲ್ಲ.

ಅವಳ ಹಳದಿ ಬೋರ್ಡು ಇಳಿಯಿತು. ಅತಿವೇಗದಲ್ಲಿ ಬಿದ್ದವಳ ಹತ್ತಿರ ಗಾಡಿ ಕಲಿಯಲು ಯಾರು ಬರುತ್ತಾರೆ? ಈಗ ಊರುಗೋಲು ಹಿಡಿದು ನಡೆಯುತ್ತಾಳೆ. ಔಷಧಿ ಅಂಗಡಿಯೊಂದರಲ್ಲಿ ಸ್ಟೂಲಿನ ಮೇಲೆ ಕೂತು ಚೀಟಿ ಓದಿ ಗುಳಿಗೆ ತೆಗೆದುಕೊಡುತ್ತಾಳೆ. ನನ್ನ ಮನೆಗೆ ಬಾರದೆ ವರ್ಷವಾಯಿತು. ನಾನು ಹೋದರೆ ಚಹಾ ಕೊಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಜಗಳವನ್ನಾದರೂ ಆಡಬಾರದೇ ಅನ್ನಿಸುತ್ತದೆ.

ಕಳೆದ ತಿಂಗಳು ಎರಡೂ ಕಚೇರಿಗಳು ಸೇರಿ ಒಂದು ಫಲಕ ಕಳಿಸಿದವು, ನಡು ಸಂದಿನಲ್ಲಿ ನಿಲ್ಲಿಸಬೇಕೆಂದು. ಅರ್ಧ ನೀಲಿ, ಅರ್ಧ ಬೂದು. ನಡುವೆ ಬಿಳಿಯ ದಪ್ಪ ಅಕ್ಷರ: "ಇಲ್ಲಿ ಅಜಾಗರೂಕ ಚಾಲನೆಯಿಂದ ಅಪಘಾತ ಸಂಭವಿಸಿದೆ. ನಿಧಾನವಾಗಿ ಚಲಿಸಿ." ನಾಲ್ಕು ಬೋಲ್ಟು. ರಸ್ತೆಯ ಬದಿಯಿಂದ ನಾನು ತಿರುಗಿಸುತ್ತಿದ್ದೆ, ಹಿಂದಿನಿಂದ ಭಾವ ನಟ್ಟು ಹಿಡಿದಿದ್ದರು. ರೇಡಿಯೋ ಕೆಂಪು ಬಾವುಟ ಹಿಡಿದು ಗಾಡಿಗಳನ್ನು ತಡೆದಿದ್ದ.

ಮೊದಲು ನಿಂತದ್ದು ಆಚೆ ಊರಿನಿಂದ ಬಂದ ಬಸ್ಸು. ಕಿಟಕಿಯಲ್ಲಿ ಅವಳಿದ್ದಳು, ಮಡಿಲಲ್ಲಿ ಊರುಗೋಲು. ನಮ್ಮೂರಿನ ದೊಡ್ಡಾಸ್ಪತ್ರೆಗೆ ಕಾಲು ತೋರಿಸಲು ಹೊರಟಿದ್ದಳು. ಫಲಕದ ಮೇಲಿನ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಅದರ ಆಚೆಗೊಬ್ಬ ಈಚೆಗೊಬ್ಬ ನಿಂತಿದ್ದ ನಮ್ಮಿಬ್ಬರನ್ನು ನೋಡಿದಳು. ನಾನು ಸ್ಪ್ಯಾನರ್ ಇಳಿಸಿದೆ. ಏನಾದರೂ ಅನ್ನಲಿ, ಉಗಿಯಲಿ ಎಂದು ನಿಂತೆ.

"ಬೋಲ್ಟು ಸರಿಯಾಗಿ ಬಿಗಿದ್ರಾ ಅಣ್ಣ?" ಎಂದಳು.

ಫಲಕದ ಹಿಂದಿನಿಂದ ಎರಡು ಏಟು ಕೇಳಿಸಿತು. ಹಿಡಿದಿದ್ದೇನೆ, ತಿರುಗಿಸಿ ಎಂದು ಭಾವ ಹೇಳುತ್ತಿದ್ದರು. ರೇಡಿಯೋ ಬಾವುಟ ಇಳಿಸಿದ, ಬಸ್ಸು ಹೊರಟಿತು. ನಾನು ನಾಲ್ಕನೇ ಬೋಲ್ಟನ್ನು ಬಿಗಿದೆ.